ಮೊದಲ ದನಿಗೂ ಮೊದಲ ಮಾತ್ರೆಗೂ ನಡುವೆ

1990ರ ದಶಕದಲ್ಲಿ ಅಮೆರಿಕದ ಎಲಿ ಲಿಲ್ಲಿ ಕಂಪನಿ ಮರೆವಿನ ಕಾಯಿಲೆ ಅಲ್ಝೈಮರ್‌ಗೆಂದು ಕ್ಸನೋಮೆಲಿನ್ ಎಂಬ ಔಷಧವನ್ನು ವಯಸ್ಸಾದವರಿಗೆ ಕೊಟ್ಟು ನೋಡುತ್ತಿತ್ತು. ನೆನಪಿನ ಮಟ್ಟಿಗೆ ಸಿಕ್ಕಿದ ಲಾಭ ಅಷ್ಟಕ್ಕಷ್ಟೆ. ಆದರೆ ವೈದ್ಯರು ನಿರೀಕ್ಷಿಸದೇ ಇದ್ದ ಬದಲಾವಣೆಯೊಂದು ಕಣ್ಣಿಗೆ ಬಿತ್ತು. ಯಾರೂ ಆಡದ ಮಾತು ಕೇಳಿಸುತ್ತಿದ್ದವರಿಗೆ ಅದು ಕಡಿಮೆಯಾಗಿತ್ತು. ಸುತ್ತಲಿನವರ ಮೇಲೆ ಬುಡವಿಲ್ಲದ ಸಂಶಯ ಬೆಳೆಸಿಕೊಂಡಿದ್ದವರು ಸ್ವಲ್ಪ ಸಮಾಧಾನವಾಗಿದ್ದರು. ಆ ಖುಷಿ ಹೆಚ್ಚು ಕಾಲ ಉಳಿಯಲಿಲ್ಲ. ವಾಕರಿಕೆ, ವಾಂತಿ, ಮೈಯೆಲ್ಲ ಬೆವರು. ಬಹಳ ಮಂದಿ ಅರ್ಧಕ್ಕೇ ಔಷಧ ಬಿಟ್ಟರು. ಕಂಪನಿಯೂ ಅದನ್ನು ಕೈಬಿಟ್ಟಿತು.

ಮೂಲೆ ಸೇರಿದ್ದ ಆ ಔಷಧವನ್ನು ಮತ್ತೆ ಎತ್ತಿಕೊಂಡದ್ದು ಕರುಣಾ ಥೆರಪ್ಯೂಟಿಕ್ಸ್ ಎಂಬ ಸಣ್ಣ ಕಂಪನಿ. ಮಿದುಳಿನೊಳಗೆ ಕ್ಸನೋಮೆಲಿನ್ ಎಚ್ಚರಿಸುವ, ರಾಸಾಯನಿಕ ಸಂದೇಶ ಹಿಡಿಯುವ ಮಸ್ಕರಿನಿಕ್ ಗ್ರಾಹಕಗಳು ಹೊಟ್ಟೆ ಕರುಳಿನಲ್ಲೂ ಇವೆ. ತೊಂದರೆ ಬರುತ್ತಿದ್ದದ್ದು ಅಲ್ಲಿಂದ. ಮೂತ್ರ ತಡೆಯಲಾಗದವರಿಗೆ ಕೊಡುವ ಟ್ರೋಸ್ಪಿಯಮ್ ಎಂಬ ಹಳೆಯ ಮಾತ್ರೆ ಇದೇ ಗ್ರಾಹಕಗಳನ್ನು ಮುಚ್ಚಿಡುತ್ತದೆ, ಆದರೆ ರಕ್ತದಿಂದ ಮಿದುಳಿಗೆ ಹೋಗುವುದು ತೀರ ಕಡಿಮೆ. ಎರಡನ್ನೂ ಒಟ್ಟಿಗೆ ಕೊಟ್ಟರೆ ಮಿದುಳಿಗೆ ಮದ್ದು ಸಿಗುತ್ತದೆ, ಹೊಟ್ಟೆಗೆ ರಕ್ಷಣೆಯೂ ಇರುತ್ತದೆ. ಈ ಜೋಡಿ ಔಷಧಕ್ಕೆ 2024ರ ಸೆಪ್ಟೆಂಬರ್ 26ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಸ್ಕಿಜೋಫ್ರೇನಿಯಾ ಚಿಕಿತ್ಸೆಗಾಗಿ ಒಪ್ಪಿಗೆ ಕೊಟ್ಟಿತು. ಮಾರುಕಟ್ಟೆಯಲ್ಲಿ ಅದರ ಹೆಸರು ಕೊಬೆನ್‌ಫಿ. 1950ರ ದಶಕದಿಂದ ಈಚೆಗೆ ಈ ಕಾಯಿಲೆಗೆ ಬಂದ ಹೆಚ್ಚುಕಡಿಮೆ ಎಲ್ಲ ಮಾತ್ರೆಗಳೂ ಡೋಪಮೈನ್ ಎಂಬ ಒಂದೇ ರಾಸಾಯನಿಕದ ಗ್ರಾಹಕವನ್ನು ಹಿಡಿದು ಕೆಲಸ ಮಾಡುವಂಥವು. ಬೇರೆ ದಾರಿಯಲ್ಲಿ ನಡೆದು ಮಂಜೂರಾದ ಮೊದಲ ಔಷಧ ಇದು. ಜಗತ್ತಿನ ಮನೋವೈದ್ಯರು ಇದನ್ನು ಇಷ್ಟು ದೊಡ್ಡ ಸುದ್ದಿ ಎಂದು ಎಣಿಸಿದ್ದಕ್ಕೆ ಕಾರಣ ಅದೇ.

ಆದರೂ ಪತ್ರಿಕೆಗಳಲ್ಲಿ ಬಂದಷ್ಟು ಅಬ್ಬರಕ್ಕೆ ಈ ಔಷಧ ಇನ್ನೂ ಪಾತ್ರವಾಗಿಲ್ಲ. ಅದನ್ನು ಗೆಲ್ಲಿಸಿದ ಪ್ರಯೋಗಗಳು ತಲಾ ಐದು ವಾರಗಳವು. 2021ರಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿ ಇದ್ದವರು 182 ಮಂದಿ. ಹತ್ತಾರು ವರ್ಷ ಕಾಡುವ ಕಾಯಿಲೆಗೆ ಐದು ವಾರ ಯಾವ ಲೆಕ್ಕ? ಹಳೆಯ ಮಾತ್ರೆಯ ಜೊತೆಗೆ ಇದನ್ನು ಸೇರಿಸಿ ಕೊಟ್ಟ ಇನ್ನೊಂದು ಪ್ರಯೋಗ 2025ರಲ್ಲಿ ಅಂದುಕೊಂಡ ಗುರಿ ಮುಟ್ಟಲಿಲ್ಲ. ಇದೇ ಹಾದಿಯಲ್ಲಿದ್ದ ಬೇರೊಂದು ಕಂಪನಿಯ ಔಷಧ 2024ರ ನವೆಂಬರ್‌ನಲ್ಲಿ ಸೋತಿತು. ಅಮೆರಿಕದಲ್ಲಿ ತಿಂಗಳಿಗೆ 1,850 ಡಾಲರ್, ಅಂದರೆ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ, ಬೆಲೆ ಇಟ್ಟು ಕೊಬೆನ್‌ಫಿಯನ್ನು ಬಿಡುಗಡೆ ಮಾಡಿದರು. ಹಾಗಿದ್ದೂ ತೂಕ ಏರಿಸದ, ಕೈಕಾಲು ನಡುಗಿಸದ, ಮಂಕು ಹಿಡಿಸದ ಮಾತ್ರೆಯೊಂದು ಸಾಧ್ಯ ಎಂದು ತೋರಿಸಿದ್ದು ಸಣ್ಣ ಸಂಗತಿಯಲ್ಲ. ವರ್ಷಗಟ್ಟಲೆ ಮಾತ್ರೆ ನುಂಗಿದವರಿಗೆ, ಅವರನ್ನು ನೋಡಿಕೊಂಡವರಿಗೆ ಅದರ ಬೆಲೆ ಗೊತ್ತು.

ಸ್ಕಿಜೋಫ್ರೇನಿಯಾ ಎಂದೊಡನೆ ಬಹಳ ಮಂದಿಗೆ ನೆನಪಾಗುವುದು ಒಂದೇ ದೇಹದಲ್ಲಿ ಇಬ್ಬರು ವ್ಯಕ್ತಿಗಳು. ‘ಆಪ್ತಮಿತ್ರ’ದ ಗಂಗಾ ನಾಗವಲ್ಲಿಯಾಗುವುದನ್ನು ನೋಡಿ ಇದೇ ಆ ಕಾಯಿಲೆ ಎಂದುಕೊಂಡವರಿದ್ದಾರೆ. ಅದು ಬೇರೆ, ಇದು ಬೇರೆ. ಸ್ಕಿಜೋಫ್ರೇನಿಯಾದಲ್ಲಿ ಮನುಷ್ಯ ಎರಡಾಗುವುದಿಲ್ಲ. ವಾಸ್ತವದ ಜೊತೆ ಇರುವ ಅವನ ನಂಟು ಸಡಿಲವಾಗುತ್ತದೆ. ಇಲ್ಲದ ದನಿ ಕೇಳಿಸುವುದು, ಯಾರೋ ಹಿಂಬಾಲಿಸುತ್ತಿದ್ದಾರೆ, ಊಟಕ್ಕೆ ವಿಷ ಹಾಕಿದ್ದಾರೆ, ಟಿವಿಯವರು ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂಬ ಅಲುಗಾಡದ ನಂಬಿಕೆ, ಒಂದಕ್ಕೊಂದು ಸಂಬಂಧವಿಲ್ಲದ ಮಾತು: ಇಂಥ ಸ್ಥಿತಿಗೆ ವೈದ್ಯರು ಸೈಕೋಸಿಸ್ ಎನ್ನುತ್ತಾರೆ. ಅದು ಬೈಪೋಲಾರ್ ಕಾಯಿಲೆಯಲ್ಲಿ ಬರಬಹುದು, ಬಾಣಂತನದಲ್ಲಿ ಬರಬಹುದು, ಗಾಂಜಾದಿಂದ ಬರಬಹುದು. ಸ್ಕಿಜೋಫ್ರೇನಿಯಾ ಅದರ ಒಂದು ರೂಪ, ಹೆಚ್ಚು ಕಾಲ ಉಳಿಯುವ ರೂಪ.

ಮನೆಯವರನ್ನು ಮೊದಲು ಗಾಬರಿಗೊಳಿಸುವುದು ಈ ದನಿ, ಸಂಶಯಗಳೇ. ಆದರೆ ಬದುಕನ್ನು ಹೆಚ್ಚು ತಿನ್ನುವುದು ಸದ್ದಿಲ್ಲದ ಲಕ್ಷಣಗಳು. ಕಾಲೇಜಿನಲ್ಲಿ ಚೆನ್ನಾಗಿ ಓದುತ್ತಿದ್ದ ಹುಡುಗ ಕೋಣೆಯಿಂದ ಹೊರಗೆ ಬರುವುದಿಲ್ಲ. ಸ್ನಾನ ಮರೆತಿದೆ. ಮಾತು ಒಂದೆರಡು ಶಬ್ದಕ್ಕೆ ಇಳಿದಿದೆ. ಮುಖದಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. ಅಂಗಡಿಯಿಂದ ಮೂರು ಸಾಮಾನು ತರಲು ಹೇಳಿದರೆ ಒಂದು ತಂದು ನಿಲ್ಲುತ್ತಾನೆ. ಮನೆಯವರು ಇದನ್ನು ಸೋಮಾರಿತನ ಎಂದು ಬೈಯುತ್ತಾರೆ. ‘ಒಂದು ಮದುವೆ ಮಾಡಿದರೆ ಸರಿಹೋಗ್ತಾನೆ’ ಎಂದು ನೆಂಟರು ಸಲಹೆ ಕೊಡುತ್ತಾರೆ. ಹಳೆಯ ಮಾತ್ರೆಗಳು ದನಿಗಳನ್ನು ಅಡಗಿಸುವಷ್ಟು ಚೆನ್ನಾಗಿ ಈ ಲಕ್ಷಣಗಳನ್ನು ತಿದ್ದಲಾರವು.

ಜಗತ್ತಿನಲ್ಲಿ ಸುಮಾರು 345 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ದೇಶದ ವಯಸ್ಕರಲ್ಲಿ ಶೇ 1.4ರಷ್ಟು ಮಂದಿ ಬದುಕಿನ ಯಾವುದಾದರೊಂದು ಹಂತದಲ್ಲಿ ಸ್ಕಿಜೋಫ್ರೇನಿಯಾ ಅಥವಾ ಅಂಥ ಸೈಕೋಸಿಸ್‌ಗೆ ಒಳಗಾಗಿದ್ದಾರೆಂದು ಅಂದಾಜು ಮಾಡಿತು. ಸೈಕೋಸಿಸ್ ಇದ್ದವರಲ್ಲಿ ನಾಲ್ವರಿಗೆ ಮೂವರು ಚಿಕಿತ್ಸೆಯಿಂದ ಹೊರಗೇ ಇದ್ದರು. ಕೊಬೆನ್‌ಫಿಯಂಥ ಸುದ್ದಿ ಬಂದಾಗಲೆಲ್ಲ ಈ ಕೊನೆಯ ಅಂಕಿಯನ್ನೂ ಪಕ್ಕದಲ್ಲಿಟ್ಟು ಓದಬೇಕು.

ಈ ಕಾಯಿಲೆಯ ಔಷಧದ ಕತೆಯಲ್ಲಿ ನಮ್ಮ ನೆಲದ ಗಿಡವೊಂದಕ್ಕೂ ಪಾಲಿದೆ. 1931ರಲ್ಲಿ ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಸರ್ಪಗಂಧದ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಕೆಲಸ ಮಾಡುತ್ತದೆ ಎಂದು ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಆ ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿತು. ಎರಡು ವರ್ಷದಲ್ಲಿ ಅದು ನ್ಯೂಯಾರ್ಕಿನ ಮಾನಸಿಕ ಆಸ್ಪತ್ರೆಗಳನ್ನು ತಲುಪಿತ್ತು. ಅದೇ 1952ರಲ್ಲಿ ಪ್ಯಾರಿಸ್ಸಿನ ಸೇಂತ್ ಆನ್ ಆಸ್ಪತ್ರೆಯ ಝಾನ್ ದಲೇ ಮತ್ತು ಪಿಯೆರ್ ದೆನಿಕೆರ್, ಶಸ್ತ್ರಚಿಕಿತ್ಸೆಯ ಸಮಯದಲ್ಲಿ ರೋಗಿಯನ್ನು ಶಾಂತಗೊಳಿಸಲು ಬಳಸುತ್ತಿದ್ದ ಕ್ಲೋರ್‌ಪ್ರೊಮಜಿನ್ ಎಂಬ ಔಷಧವನ್ನು ಮಾನಸಿಕ ರೋಗಿಗಳಿಗೆ ಕೊಟ್ಟರು. ಕಟ್ಟಿಹಾಕದೆ ನಿಭಾಯಿಸಲಾಗದು ಎಂದುಕೊಂಡಿದ್ದವರು ಕೂತು ಮಾತಾಡಿದರು.

ಸರ್ಪಗಂಧದ ಸಾರ ಮುಂದೆ ಇನ್ನೂ ದೊಡ್ಡ ಕೆಲಸ ಮಾಡಿತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಕೊಟ್ಟಾಗ ಅವು ಕದಲದೆ ಬಿದ್ದುಕೊಂಡವು. ಮಿದುಳಿನಲ್ಲಿ ಡೋಪಮೈನ್ ಆಗುವ ಎಲ್-ಡೋಪಾ ಎಂಬ ವಸ್ತುವನ್ನು ಚುಚ್ಚಿದ ಕೂಡಲೇ ಎದ್ದು ಓಡಾಡಿದವು. ಡೋಪಮೈನ್ ತನ್ನದೇ ಕೆಲಸವಿರುವ ಸಂದೇಶವಾಹಕ ಎಂದು ಜಗತ್ತಿಗೆ ತಿಳಿದದ್ದು ಹೀಗೆ. 1963ರಲ್ಲಿ ಕಾರ್ಲ್‌ಸನ್, ಕ್ಲೋರ್‌ಪ್ರೊಮಜಿನ್‌ನಂಥ ಔಷಧಗಳು ತಡೆಯುವುದು ಡೋಪಮೈನ್‌ನಂಥ ಸಂದೇಶವಾಹಕಗಳ ಗ್ರಾಹಕಗಳನ್ನು ಎಂದು ಸೂಚಿಸಿದರು. 2000ದಲ್ಲಿ ಅವರಿಗೆ ನೊಬೆಲ್ ಬಂತು. ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆ ಹುಟ್ಟಿದ್ದೂ ಇದೇ ಕೆಲಸದಿಂದ.

ಡೋಪಮೈನ್ ತಡೆಯುವ ಮಾತ್ರೆಗಳು ಎಲ್ಲರಿಗೂ ನಾಟುವುದಿಲ್ಲ. ನಾಟದವರಿಗೆ ಇಂದಿಗೂ ಅತ್ಯುತ್ತಮವಾದದ್ದು ಕ್ಲೋಜಪಿನ್. ಅದರ ಚರಿತ್ರೆ ಏಳುಬೀಳಿನದು. 1975ರಲ್ಲಿ ಫಿನ್ಲೆಂಡಿನಲ್ಲಿ ಅದನ್ನು ತೆಗೆದುಕೊಂಡ ಕೆಲವರ ಬಿಳಿ ರಕ್ತಕಣಗಳು ಕುಸಿದು ಎಂಟು ಮಂದಿ ತೀರಿಕೊಂಡರು. ಹಲವು ದೇಶಗಳು ಅದನ್ನು ಹಿಂತೆಗೆದುಕೊಂಡವು. 1988ರಲ್ಲಿ ಅಮೆರಿಕದ ಜಾನ್ ಕೇನ್ ಮತ್ತು ಸಂಗಡಿಗರು, ಬೇರೆ ಯಾವ ಮಾತ್ರೆಗೂ ಬಗ್ಗದ 268 ರೋಗಿಗಳ ಮೇಲೆ ಪ್ರಯೋಗ ಮಾಡಿದಾಗ ಕ್ಲೋಜಪಿನ್‌ಗೆ 100ರಲ್ಲಿ 30 ಮಂದಿ ಸ್ಪಂದಿಸಿದರು, ಕ್ಲೋರ್‌ಪ್ರೊಮಜಿನ್‌ಗೆ ಬರೀ 4. ಅಲ್ಲಿಂದ ಮುಂದೆ ಅದು ರಕ್ತಪರೀಕ್ಷೆಯ ಷರತ್ತಿನ ಮೇಲೆ ಮರಳಿತು. ಮೊದಲ ಕೆಲವು ತಿಂಗಳು ವಾರವಾರವೂ ಬೆರಳೋ ತೋಳೋ ಚುಚ್ಚಿಸಿಕೊಂಡು, ಬಿಳಿ ಕಣಗಳ ಎಣಿಕೆಯ ಚೀಟಿ ಹಿಡಿದು ಬಂದರೆ ಮಾತ್ರ ಮುಂದಿನ ವಾರದ ಮಾತ್ರೆ. ಹಳ್ಳಿಯಿಂದ ಬಸ್ಸು ಹಿಡಿದು ಬರುವ ಕೂಲಿಯವರಿಗೆ ಇದು ವಾರಕ್ಕೊಂದು ದಿನದ ದುಡಿಮೆ ಕಳೆಯುವ ಕೆಲಸ. ಅಪಾಯ ಹೆಚ್ಚಿರುವುದು ಮೊದಲ ತಿಂಗಳುಗಳಲ್ಲಿ, ವರ್ಷಗಳು ಉರುಳಿದ ಮೇಲೆ ಅದು ಬಹಳ ಕಡಿಮೆ ಎಂಬುದು ಸಾಕಷ್ಟು ಅಧ್ಯಯನಗಳಿಂದ ಗೊತ್ತಾಗಿದೆ. 2025ರಲ್ಲಿ ಅಮೆರಿಕ ತನ್ನ ಬಿಗಿ ನೋಂದಣಿ ನಿಯಮವನ್ನು ಕೈಬಿಟ್ಟಿತು. ಈ ಅಪಾಯಕ್ಕೆ ಹೆದರಿ ವೈದ್ಯರು ಈ ಮಾತ್ರೆಯನ್ನು ತೀರ ತಡವಾಗಿ ಬರೆಯುತ್ತಾರೆ ಎಂಬ ದೂರು ಬಹಳ ದೇಶಗಳಲ್ಲಿದೆ, ಅದು ನಿಜವಾದ ದೂರು.

ಇಷ್ಟಕ್ಕೂ ಕಾಯಿಲೆ ಯಾಕೆ ಬರುತ್ತದೆ?

ವಂಶದ ಪಾತ್ರವಿದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಒಂದೇ ಅಚ್ಚಿನ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರುವುದು ಮೂರನೇ ಒಂದರಿಂದ ಅರ್ಧದಷ್ಟು ಸಂದರ್ಭಗಳಲ್ಲಿ ಮಾತ್ರ. ತಂದೆಗೋ ತಾಯಿಗೋ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ 100ಕ್ಕೆ 10ರ ಆಸುಪಾಸು. ಉಳಿದ 90 ಮಕ್ಕಳಿಗೆ ಬರುವುದಿಲ್ಲ. ಮದುವೆ ಮಾತುಕತೆಯಲ್ಲಿ ಮನೆತನವನ್ನೇ ತಳ್ಳಿಹಾಕುವವರಿಗೆ ಈ ಲೆಕ್ಕ ಗೊತ್ತಿರಬೇಕಿತ್ತು. 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಂತರರಾಷ್ಟ್ರೀಯ ಅಧ್ಯಯನವೊಂದು 76,755 ರೋಗಿಗಳ ವಂಶವಾಹಿಗಳನ್ನು ಉಳಿದವರ ಜೊತೆ ಹೋಲಿಸಿ, ಕಾಯಿಲೆಗೆ ಸಂಬಂಧವಿರುವ 287 ತಾಣಗಳನ್ನು ಗುರುತಿಸಿತು. ಒಂದೊಂದರ ಪ್ರಭಾವವೂ ಅತಿ ಸಣ್ಣದು. ಅದರ ಜೊತೆಗೇ ಪ್ರಕಟವಾದ ಇನ್ನೊಂದು ಅಧ್ಯಯನ, ಅಪರೂಪಕ್ಕೆ ಕಂಡರೂ ಅಪಾಯವನ್ನು ಹಲವು ಪಟ್ಟು ಏರಿಸುವ ಹತ್ತು ವಂಶವಾಹಿಗಳನ್ನು ಹೆಸರಿಸಿತು.

ಇವುಗಳ ನಡುವೆ ಮನಸ್ಸು ಹಿಡಿಯುವ ಸುಳಿವು ಸಿಕ್ಕಿದ್ದು 2016ರಲ್ಲಿ. ಹಾರ್ವರ್ಡ್‌ನ ಸ್ಟೀವನ್ ಮೆಕ್‌ಕ್ಯಾರೊಲ್, ಬೆತ್ ಸ್ಟೀವನ್ಸ್ ತಂಡ ಸಿ4 ಎಂಬ ವಂಶವಾಹಿಯ ಕೆಲವು ರೂಪಗಳು ರೋಗಿಗಳಲ್ಲಿ ಹೆಚ್ಚಾಗಿರುವುದನ್ನು ತೋರಿಸಿತು. ಸೋಂಕಿನ ವಿರುದ್ಧ ಹೋರಾಡುವ ರೋಗನಿರೋಧಕ ವ್ಯವಸ್ಥೆಯ ಭಾಗ ಅದು. ಮಿದುಳಿನಲ್ಲಿ ಅದಕ್ಕೆ ಇನ್ನೊಂದು ಕೆಲಸವಿದೆ. ಮಲೆನಾಡಿನ ಕಾಫಿ ತೋಟದಲ್ಲಿ ಮರಗಸಿ ಮಾಡಿ ಹೆಚ್ಚಿನ ರೆಂಬೆಗಳನ್ನು ಸವರುವ ಹಾಗೆ, ಹರೆಯದ ಮಿದುಳು ತನಗೆ ಬೇಡವಾದ ನರಸಂಪರ್ಕಗಳನ್ನು ಕತ್ತರಿಸಿ ಹಾಕುತ್ತದೆ. ಯಾವುದನ್ನು ಕತ್ತರಿಸಬೇಕೆಂದು ಗುರುತು ಹಾಕುವುದರಲ್ಲಿ ಸಿ4ಗೆ ಪಾಲಿದೆ. ಆ ಗುರುತು ಅತಿಯಾದರೆ ಉಳಿಯಬೇಕಾದ ಸಂಪರ್ಕಗಳೂ ಹೋಗುತ್ತವೆ. ಕಾಯಿಲೆ ಹೆಚ್ಚಾಗಿ ಹದಿನೆಂಟರಿಂದ ಮೂವತ್ತರ ಒಳಗೆ ತಲೆ ಎತ್ತುವುದು ಯಾಕೆ ಎಂಬ ಹಳೆಯ ಪ್ರಶ್ನೆಗೆ ಇದೊಂದು ನಂಬಬಹುದಾದ ಉತ್ತರದಂತೆ ಕಾಣುತ್ತದೆ. ಇದೇ ಪೂರ್ತಿ ಉತ್ತರವಲ್ಲ.

ಇಂಥ ದೊಡ್ಡ ಅಧ್ಯಯನಗಳಿಗೆ ರಕ್ತ ಕೊಟ್ಟವರಲ್ಲಿ ಬಹುಪಾಲು ಯುರೋಪಿಯನ್ ಮೂಲದವರು. ಭಾರತದ ಕುಟುಂಬಗಳಲ್ಲಿ ಏನಿದೆ ಎಂದು ತಿಳಿಯಲು ಬೆಂಗಳೂರಿನ ನಿಮ್ಹಾನ್ಸ್ ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು, ಒಂದೇ ಮನೆಯಲ್ಲಿ ಹಲವರಿಗೆ ತೀವ್ರ ಮಾನಸಿಕ ಕಾಯಿಲೆ ಇರುವ ಕುಟುಂಬಗಳನ್ನು ವರ್ಷಗಳ ಕಾಲ ಹಿಂಬಾಲಿಸುತ್ತಿದ್ದಾರೆ. ಅವರ ರಕ್ತಕಣಗಳಿಂದ ಆಕರಕೋಶಗಳನ್ನು, ಅವುಗಳಿಂದ ನರಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡುತ್ತಾರೆ. ಬದುಕಿರುವ ರೋಗಿಯ ಮಿದುಳನ್ನು ತೆರೆದು ನೋಡಲಾಗದ್ದಕ್ಕೆ ಇದು ಪರ್ಯಾಯ.

ವಂಶವಾಹಿಯ ಆಚೆಗೂ ಕಾರಣಗಳಿವೆ. ಅದರಲ್ಲಿ ತಪ್ಪಿಸಬಹುದಾದದ್ದು ಗಾಂಜಾ. ಡೆನ್ಮಾರ್ಕಿನ ಸುಮಾರು 69 ಲಕ್ಷ ಜನರ ದಾಖಲೆ ಬಳಸಿ 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 21ರಿಂದ 30 ವರ್ಷದ ಗಂಡಸರಲ್ಲಿ ಬರುವ ಸ್ಕಿಜೋಫ್ರೇನಿಯಾದಲ್ಲಿ ಶೇ 30ರವರೆಗೂ ಗಾಂಜಾ ಚಟ ಇಲ್ಲದಿದ್ದರೆ ತಪ್ಪುತ್ತಿತ್ತು. ಗಾಂಜಾ ಸೊಪ್ಪು ಗಿಡಮೂಲಿಕೆ, ಏನೂ ಆಗದು ಎನ್ನುವ ಹುಡುಗರಿಗೆ ಇದನ್ನು ಹೇಳುವವರು ಬೇಕು. ಇನ್ನು 2007ರಲ್ಲಿ ಜೋಸೆಪ್ ದಲ್ಮಾವ್ ಎಂಬ ನರವೈದ್ಯರು ವಿವರಿಸಿದ ಒಂದು ಮಿದುಳು ಉರಿಯೂತ ತದ್ರೂಪು ಸೈಕೋಸಿಸ್‌ನಂತೆಯೇ ಶುರುವಾಗುತ್ತದೆ. ದೇಹದ ಪ್ರತಿಕಾಯಗಳೇ ಮಿದುಳಿನ ಗ್ರಾಹಕಗಳ ಮೇಲೆ ಬೀಳುವ ಆ ಕಾಯಿಲೆಗೆ ಬೇರೆಯೇ ಚಿಕಿತ್ಸೆಯಿದೆ, ಬೇಗ ಗುರುತಿಸಿದರೆ ಬಹಳ ಮಂದಿ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಜ್ವರ, ಮೂರ್ಛೆ, ಬಾಯಿ ಸೊಟ್ಟಗಾಗುವುದು ಜೊತೆಗಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಕಿವಿಯಲ್ಲಿ ಕೇಳುವ ದನಿಯ ಬಗ್ಗೆ ಸಂಶೋಧಕರಿಗೆ ಈಗ ಹಿಂದಿಗಿಂತ ಹೆಚ್ಚು ಗೊತ್ತಿದೆ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲ, ಏಕೆಂದರೆ ನಮ್ಮ ಕೈ ಏನು ಮಾಡಲಿದೆ ಎಂದು ಮಿದುಳಿಗೆ ಮೊದಲೇ ತಿಳಿದಿರುತ್ತದೆ. 2000ದಲ್ಲಿ ಲಂಡನ್ನಿನ ಸಾರಾ ಬ್ಲೇಕ್‌ಮೋರ್, ಕ್ರಿಸ್ ಫ್ರಿತ್ ಮತ್ತಿತರರು ದನಿ ಕೇಳಿಸುವ ರೋಗಿಗಳ ಅಂಗೈಯನ್ನು ಅವರದೇ ಕೈಯಿಂದ, ಆಮೇಲೆ ಬೇರೆಯವರಿಂದ ಸವರಿಸಿದರು. ಎರಡೂ ಒಂದೇ ತೆರನಾಗಿ ಅನಿಸಿದವು. ತನ್ನದೇ ಕ್ರಿಯೆಗೆ ‘ಇದು ನನ್ನದು’ ಎಂಬ ಮುದ್ರೆ ಬೀಳದಿದ್ದರೆ, ತನ್ನದೇ ಒಳಮಾತು ಹೊರಗಿನವರ ಮಾತಿನಂತೆ ಕೇಳಿಸಬಹುದು ಎಂಬ ವಾದಕ್ಕೆ ಇದು ಬಲ ಕೊಟ್ಟಿತು. ಮಾತ್ರೆಗೆ ನಿಲ್ಲದ ದನಿಗಳಿಗೆ ತಲೆಯ ಮೇಲೆ ಅತಿ ಸಣ್ಣ ವಿದ್ಯುತ್ ಹರಿಸುವ ಚಿಕಿತ್ಸೆಯನ್ನು ನಿಮ್ಹಾನ್ಸ್‌ನಲ್ಲಿ ಗಣೇಶನ್ ವೆಂಕಟಸುಬ್ರಮಣಿಯನ್ ಅವರ ತಂಡ ವರ್ಷಗಳಿಂದ ಪರೀಕ್ಷಿಸುತ್ತಿದೆ. ಜಗತ್ತಿನ ಎಲ್ಲ ಕಡೆ ಫಲಿತಾಂಶ ಒಂದೇ ತೆರನಾಗಿಲ್ಲ.

ದನಿ ಏನು ಹೇಳುತ್ತದೆ ಎಂಬುದು ಊರಿನಿಂದ ಊರಿಗೆ ಬೇರೆಯಾಗುತ್ತದೆ. ಸ್ಟ್ಯಾನ್‌ಫರ್ಡ್‌ನ ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್‌ಮನ್, ಚೆನ್ನೈನ ಮನೋವೈದ್ಯೆ ಆರ್. ಪದ್ಮಾವತಿ ಮತ್ತಿತರರು ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊ, ಘಾನಾದ ಅಕ್ರಾ, ಚೆನ್ನೈಗಳಲ್ಲಿ ತಲಾ 20 ರೋಗಿಗಳನ್ನು ಕೂರಿಸಿ ಮಾತಾಡಿಸಿದರು. ಅಮೆರಿಕದವರಿಗೆ ದನಿ ಎಂದರೆ ಹಿಂಸೆ, ಅಪರಿಚಿತನ ದಾಳಿ. ಅಕ್ರಾದವರಲ್ಲಿ ಹಲವರು ದೇವರ ಮಾತು ಕೇಳಿದ್ದರು. ಚೆನ್ನೈನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೇಳುತ್ತಿದ್ದದ್ದು ಬಂಧುಬಳಗದವರ ದನಿ. ಅಡುಗೆ ಮಾಡು, ಮನೆ ಗುಡಿಸು, ಸ್ನಾನ ಮಾಡು, ಊಟ ಮಾಡು. ಹಿರಿಯರು ಕಿರಿಯರಿಗೆ ಬುದ್ಧಿ ಹೇಳುವ ಧಾಟಿ, ಜೊತೆಗೆ ಆಗಾಗ ಬೈಗುಳ. ದನಿಯ ಜೊತೆ ಮನುಷ್ಯ ಇಟ್ಟುಕೊಳ್ಳುವ ಸಂಬಂಧ ಬದಲಾದರೆ ನೋವೂ ಬದಲಾಗುತ್ತದೆ ಎಂಬ ಯೋಚನೆ ಚಿಕಿತ್ಸೆಗೂ ಬಂದಿದೆ. ಲಂಡನ್ನಿನ ಒಂದು ಚಿಕಿತ್ಸೆಯಲ್ಲಿ ರೋಗಿ ತನ್ನನ್ನು ಕಾಡುವ ದನಿಗೆ ಕಂಪ್ಯೂಟರಿನಲ್ಲಿ ಮುಖವೊಂದನ್ನು ಕೊಡುತ್ತಾನೆ. ಚಿಕಿತ್ಸಕರು ಆ ಮುಖದ ಮೂಲಕ ಮಾತಾಡುತ್ತಾರೆ. ರೋಗಿ ಎದುರುತ್ತರ ಕೊಡಲು ಕಲಿಯುತ್ತಾನೆ, ದನಿ ನಿಧಾನವಾಗಿ ಸೋಲುತ್ತದೆ.

ಇಷ್ಟೆಲ್ಲ ಪ್ರಯೋಗಾಲಯದ ಸುದ್ದಿಗಳ ನಡುವೆ ಕರ್ನಾಟಕದ ಓದುಗರು ತಿಳಿದಿರಲೇಬೇಕಾದ ಸಂಶೋಧನೆ ನಡೆದದ್ದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ನಿಮ್ಹಾನ್ಸ್‌ನ ಜಗದೀಶ ತೀರ್ಥಹಳ್ಳಿ, ಬಿ.ಎನ್. ಗಂಗಾಧರ್ ಮತ್ತವರ ಸಹೋದ್ಯೋಗಿಗಳು 2005ರಲ್ಲಿ ಇಲ್ಲಿ ಕೆಲಸ ಶುರು ಮಾಡಿದರು. ಆಸ್ಪತ್ರೆಗೆ ಬಂದವರನ್ನಷ್ಟೇ ನೋಡಿದರೆ ಬಾರದೇ ಉಳಿದವರ ಸ್ಥಿತಿ ತಿಳಿಯುವುದು ಹೇಗೆ? ಹಾಗಾಗಿ ಊರೂರಿನಲ್ಲಿ ಹುಡುಕಿದರು. ಸ್ಕಿಜೋಫ್ರೇನಿಯಾ ಇರುವ 215 ಮಂದಿ ಸಿಕ್ಕಿದರು. ಅವರಲ್ಲಿ 58 ಮಂದಿ ಯಾವ ಔಷಧವನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ವರ್ಷದ ನಂತರ ಮತ್ತೆ ಅಳೆದಾಗ, ಔಷಧವಿಲ್ಲದೇ ಉಳಿದವರ ಅಸಾಮರ್ಥ್ಯ ಹಾಗೇ ಇತ್ತು. ಔಷಧ ಮುಂದುವರಿಸಿದವರಲ್ಲೂ ಹೊಸದಾಗಿ ಶುರು ಮಾಡಿದವರಲ್ಲೂ ಅದು ಗಣನೀಯವಾಗಿ ತಗ್ಗಿತ್ತು. ಅಸಾಮರ್ಥ್ಯ ಎಂದರೆ ಇಲ್ಲಿ ತೀರ ದಿನನಿತ್ಯದ ಲೆಕ್ಕ: ತನ್ನ ಮೈ ತಾನು ನೋಡಿಕೊಳ್ಳುವುದು, ನಾಲ್ಕು ಜನರ ಜೊತೆ ಬೆರೆಯುವುದು, ಹೇಳಿದ್ದು ತಿಳಿದು ಉತ್ತರಿಸುವುದು, ಕೆಲಸ ಮಾಡುವುದು. ಬಳಸಿದ್ದು ನಮ್ಮಲ್ಲಿ ಸುಲಭವಾಗಿ ಸಿಗುವ ಸಾಧಾರಣ ಮಾತ್ರೆಗಳು. ಇದೇ ಕೆಲಸ ಮುಂದೆ ತುಮಕೂರು ಜಿಲ್ಲೆಯ ತುರುವೇಕೆರೆಗೂ ಹಬ್ಬಿತು.

ಮಾತ್ರೆ ಶುರುವಾಗಲು ಹಿಡಿಯುವ ಕಾಲವೇ ಒಂದು ಅಪಾಯ ಎಂಬುದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದ್ದು ನಾರ್ವೆ. ಅಲ್ಲಿನ ಸ್ಟಾವಂಗೆರ್ ಸುತ್ತಲಿನ ಪ್ರದೇಶದಲ್ಲಿ 1997ರಿಂದ ಪತ್ರಿಕೆ, ರೇಡಿಯೊ, ಶಾಲೆಗಳ ಮೂಲಕ ಸೈಕೋಸಿಸ್‌ನ ಮೊದಲ ಲಕ್ಷಣಗಳನ್ನು ಜನರಿಗೆ ತಿಳಿಸಿದರು. ಯಾರು ಬೇಕಾದರೂ ಫೋನ್ ಮಾಡಿದರೆ ತಂಡವೊಂದು ಹೋಗಿ ನೋಡುತ್ತಿತ್ತು. ಲಕ್ಷಣ ಕಂಡಂದಿನಿಂದ ಚಿಕಿತ್ಸೆಯವರೆಗಿನ ಅಂತರ ಹಿಂದೆ ಸುಮಾರು 26 ವಾರ ಇದ್ದದ್ದು ಐದು ವಾರದ ಆಸುಪಾಸಿಗೆ ಇಳಿಯಿತು. ಹತ್ತು ವರ್ಷದ ನಂತರ ನೋಡಿದಾಗ, ಈ ಏರ್ಪಾಡು ಇದ್ದ ಕಡೆ ಶೇ 31ರಷ್ಟು ಮಂದಿ ಚೇತರಿಸಿಕೊಂಡು ಪೂರ್ಣಾವಧಿ ಕೆಲಸದ ಬದುಕಿಗೆ ಮರಳಿದ್ದರು, ಇಲ್ಲದ ಕಡೆ ಶೇ 15. ಪ್ರಚಾರ ನಿಲ್ಲಿಸಿದ ಮೇಲೆ ವಿಳಂಬ ಮತ್ತೆ 15 ವಾರಕ್ಕೆ ಏರಿತು.

ನಮ್ಮಲ್ಲಿ ಆ ಅಂತರ ವರ್ಷಗಳಲ್ಲಿ ಎಣಿಸುವಂಥದ್ದು. ಗಾಳಿ ಸೋಕಿದೆ, ಮಾಟ ಮಾಡಿಸಿದ್ದಾರೆ ಎಂದು ಮೊದಲು ಹೋಗುವುದು ಗುಡಿಗೆ, ದರ್ಗಾಕ್ಕೆ, ಮಂತ್ರವಾದಿಯ ಬಳಿಗೆ. ಇದನ್ನು ಮೌಢ್ಯ ಎಂದು ಒಂದೇ ಮಾತಿನಲ್ಲಿ ತೆಗೆದುಹಾಕುವುದು ಸರಿಯಲ್ಲ. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತಿತರರು ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನದಲ್ಲಿ ಉಳಿದ 31 ಮಂದಿಯನ್ನು ಪರೀಕ್ಷಿಸಿ 2002ರಲ್ಲಿ ಬರೆದರು. ಅವರಲ್ಲಿ ಹೆಚ್ಚಿನವರಿಗೆ ಇದ್ದದ್ದು ಸ್ಕಿಜೋಫ್ರೇನಿಯಾ. ಸರಾಸರಿ ಆರು ವಾರ ಗುಡಿಯ ಸಣ್ಣಪುಟ್ಟ ಕೆಲಸ ಮಾಡಿಕೊಂಡು, ಮನೆಯವರೊಬ್ಬರ ಜೊತೆ, ಬೈಗುಳ ಹೊಡೆತಗಳಿಲ್ಲದೆ ಇದ್ದ ಅವರ ಲಕ್ಷಣಗಳು ಸುಮಾರು ಶೇ 20ರಷ್ಟು ಇಳಿದಿದ್ದವು. ಅದೇ ರಾಜ್ಯದ ಎರವಾಡಿಯಲ್ಲಿ, ದರ್ಗಾದ ಸುತ್ತ ಬೆಳೆದ ಖಾಸಗಿ ಆಶ್ರಯತಾಣವೊಂದಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಿಗಿದಿದ್ದ 28 ಮಂದಿ ಓಡಲಾಗದೆ ಸತ್ತರು. ಗೌರವದ ಆಸರೆ ಸಿಕ್ಕರೆ ಮನಸ್ಸಿಗೆ ಹಿತವಾಗುತ್ತದೆ. ಅದರ ಜೊತೆಗೆ ಮಾತ್ರೆಯೂ ತಲುಪಬೇಕಿತ್ತು. ಸರಪಳಿಗೆ ಯಾವ ಸಮರ್ಥನೆಯೂ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅದನ್ನು ನಿಷೇಧಿಸಿದೆ.

ಮನೆಯ ವಾತಾವರಣದ ಮಾತನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ. ತ್ರಿವೇಣಿಯವರ ಕಾದಂಬರಿಯನ್ನಾಧರಿಸಿ ಪುಟ್ಟಣ್ಣ ಕಣಗಾಲ್ ತೆರೆಗೆ ತಂದ ‘ಶರಪಂಜರ’ದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿಯೇ ಬರುತ್ತಾಳೆ. ಅವಳನ್ನು ಮತ್ತೆ ಬೀಳಿಸುವುದು ಮನೆಯವರ ಅನುಮಾನ, ನೆರೆಯವರ ಪಿಸುಮಾತು, ಗಂಡನ ಉಪೇಕ್ಷೆ. 1972ರಲ್ಲಿ ಲಂಡನ್ನಿನ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಇದನ್ನೇ ಅಂಕಿಯಲ್ಲಿ ತೋರಿಸಿದ್ದರು. ಸದಾ ಟೀಕೆ, ಸಿಡುಕು, ಅತಿಯಾದ ಆತಂಕ ತುಂಬಿದ ಮನೆಗೆ ಮರಳಿದವರಲ್ಲಿ ಒಂಬತ್ತು ತಿಂಗಳೊಳಗೆ 100ಕ್ಕೆ 58 ಮಂದಿಗೆ ಕಾಯಿಲೆ ಮರುಕಳಿಸಿದರೆ, ಸಮಾಧಾನದ ಮನೆಗೆ ಹೋದವರಲ್ಲಿ 100ಕ್ಕೆ 16 ಮಂದಿಗೆ. ಮುಂದೆ ಚಂಡೀಗಢದಲ್ಲಿ ಅಳೆದಾಗ ಅಂಥ ಬಿಸಿಯ ಮನೆಗಳು ಲಂಡನ್ನಿನ ಅರ್ಧಕ್ಕಿಂತ ಕಡಿಮೆ ಇದ್ದವು. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ 1950ರ ದಶಕದಲ್ಲೇ ವೈದ್ಯ ವಿದ್ಯಾ ಸಾಗರ್ ಅಂಗಳದಲ್ಲಿ ಡೇರೆ ಹಾಕಿಸಿ ಮನೆಯವರನ್ನೂ ರೋಗಿಯ ಜೊತೆ ಉಳಿಸಿಕೊಂಡಿದ್ದರು. ಮನೆಯವರು ಕಾಯಿಲೆಯನ್ನು ಕಣ್ಣಾರೆ ಕಂಡು ಕಲಿತುಕೊಂಡು ಹೋಗುತ್ತಿದ್ದರು. ನಿಮ್ಹಾನ್ಸ್‌ನ ಫ್ಯಾಮಿಲಿ ವಾರ್ಡ್ ಇಂದಿಗೂ ನಡೆಯುವುದು ಅದೇ ನಂಬಿಕೆಯ ಮೇಲೆ.

ಹೊರರೋಗಿ ವಿಭಾಗದಲ್ಲಿ ತಾಯಿತಂದೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಎಷ್ಟು ದಿನ ಈ ಮಾತ್ರೆ, ಡಾಕ್ಟ್ರೇ?’ ಪ್ರಾಮಾಣಿಕ ಉತ್ತರ ಕೊಡಲು ಇಂಗ್ಲೆಂಡಿನ ರಾಡಾರ್ ಪ್ರಯೋಗ ನೆರವಾಗುತ್ತದೆ. 253 ಮಂದಿಯಲ್ಲಿ ಅರ್ಧ ಜನರಿಗೆ ವೈದ್ಯರ ನಿಗಾದಲ್ಲಿ ಮಾತ್ರೆಯನ್ನು ನಿಧಾನವಾಗಿ ಇಳಿಸಿದರು. ಎರಡು ವರ್ಷದ ಕೊನೆಗೆ, 2023ರ ವರದಿಯಂತೆ, ಇಳಿಸಿದವರಲ್ಲಿ ಶೇ 25ರಷ್ಟು ಮಂದಿಗೆ ಕಾಯಿಲೆ ಆಸ್ಪತ್ರೆ ಸೇರುವಷ್ಟು ಮರುಕಳಿಸಿತ್ತು, ಮುಂದುವರಿಸಿದವರಲ್ಲಿ ಶೇ 13. ಸಾಮಾಜಿಕ ಬದುಕಿನಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಅಂದರೆ ಇಳಿಸುವ ಆಸೆ ತಪ್ಪಲ್ಲ, ಆದರೆ ಅದರಲ್ಲಿ ಅಪಾಯವಿದೆ. ತಾನಾಗಿ ಒಂದೇ ಸಲಕ್ಕೆ ನಿಲ್ಲಿಸುವುದು ಇನ್ನೂ ದೊಡ್ಡ ಅಪಾಯ. ದಿನವೂ ನುಂಗಲು ಬೇಸರಪಡುವವರಿಗೆ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಇದೆ.

ದೇಹದ ಕಡೆಗೂ ಗಮನ ಬೇಕು. ಈ ಕಾಯಿಲೆ ಇರುವವರು ಉಳಿದವರಿಗಿಂತ ಸರಾಸರಿ 15 ವರ್ಷದಷ್ಟು ಮೊದಲೇ ಸಾಯುತ್ತಾರೆ, ಅದರಲ್ಲಿ ದೊಡ್ಡ ಪಾಲು ಹೃದಯದ ಕಾಯಿಲೆಯದು. ಬೀಡಿ ಸಿಗರೇಟು, ಓಡಾಟವಿಲ್ಲದ ದಿನಚರಿ, ಕೆಲವು ಮಾತ್ರೆಗಳಿಂದ ಏರುವ ತೂಕ ಮತ್ತು ಸಕ್ಕರೆ ಎಲ್ಲವೂ ಸೇರಿ ಹೀಗಾಗುತ್ತದೆ. ಸಕ್ಕರೆ ಕಾಯಿಲೆಯ ಪರಿಚಿತ ಮಾತ್ರೆ ಮೆಟ್‌ಫಾರ್ಮಿನ್ ಅನ್ನು ತೂಕ ಏರದಂತೆ ಈಗ ಜೊತೆಗೇ ಕೊಡುವ ರೂಢಿ ಬೆಳೆಯುತ್ತಿದೆ. ಯೋಗದ ಬಗ್ಗೆ ನಿಮ್ಹಾನ್ಸ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 61 ರೋಗಿಗಳಿದ್ದರು. ಎಲ್ಲರಿಗೂ ಮಾತ್ರೆ ಮುಂದುವರಿಯಿತು. ಕೆಲವರಿಗೆ ಯೋಗ, ಕೆಲವರಿಗೆ ವ್ಯಾಯಾಮ. ನಾಲ್ಕು ತಿಂಗಳಲ್ಲಿ ಯೋಗ ಮಾಡಿದವರ ಮಂಕುತನ, ನಿರಾಸಕ್ತಿಗಳು ಹೆಚ್ಚು ತಗ್ಗಿದವು. ಮಾತ್ರೆಯ ಬದಲಿಗೆ ಯೋಗ ಸಾಕು ಎಂದು ಆ ಪ್ರಯೋಗ ಹೇಳುವುದಿಲ್ಲ.

ಮಾನಸಿಕ ಚಿಕಿತ್ಸೆಯನ್ನು ಜಿಲ್ಲೆಯ ಸಾಮಾನ್ಯ ಆಸ್ಪತ್ರೆಗಳಿಗೆ ಒಯ್ಯಬಹುದು ಎಂದು ದೇಶಕ್ಕೆ ತೋರಿಸಿದ್ದು ಬಳ್ಳಾರಿ. 1985ರಿಂದ ಐದು ವರ್ಷ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಈಗ ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುತ್ತಾರೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ನ ಸಹಾಯವಾಣಿ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ಅಸಾಮರ್ಥ್ಯವಿದ್ದವರು ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಹದಿಹರೆಯದ ಮಗನೋ ಮಗಳೋ ವಾರಗಟ್ಟಲೆ ನಿದ್ದೆಗೆಟ್ಟು, ಗೆಳೆಯರನ್ನು ಬಿಟ್ಟು, ಒಬ್ಬರೇ ಗೊಣಗುತ್ತ, ಮನೆಯವರನ್ನೇ ಅನುಮಾನಿಸತೊಡಗಿದರೆ ದೇವರಿಗೆ ಹರಕೆ ಹೊರುವವರು ಹೊರಲಿ, ಅದೇ ವಾರದ ಮಂಗಳವಾರ ತಾಲ್ಲೂಕು ಆಸ್ಪತ್ರೆಗೂ ಕರೆದುಕೊಂಡು ಹೋಗಲಿ.